ಗಂಧದ ಚೀಟಿ, ಡಾಂಬರ ಗುಳಿಗೆ

ಸದಾಶಿವ ಪೇಠೆ

ನಾನು ಹುಟ್ಟು ಪುಕ್ಕಲ. ಮಂಡಯಿಗೆ ಕಾಯಿಪಲ್ಲೆ ತರಲು ಹೊರಟರೂ ಬಾಗಿಲ ಬೀಗ ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುವವನು. ಇಂಥವನು ಹೆಂಡತಿಯನ್ನು ಕರೆದುಕೊಂಡು ಬ್ಯಾಂಕಾಕಿಗೆ ಹೊರಟಿದ್ದೇನೆಂದರೆ ಪುಣೆಯ ನಮ್ಮ ವಾಡೆಯವರು ನಂಬಲಿಲ್ಲ. ಕೆಳಗಿನ ಮನೆಯ ಕಾಕೂ ಮರಾಠಿಯಲ್ಲಿ ಕೇಳಿದರು, ಅಲ್ಲಿ ನಿಮಗೇನು ಕೆಲಸ ಎಂದು. ವಾಸನೆ ಬರುವ ಅಂಚೆಚೀಟಿ ತರಲು ಹೋಗುತ್ತಿದ್ದೇವೆ ಎಂದೆ. ಅವರು ನನ್ನನ್ನು ನೋಡಿದರು, ನನ್ನ ಹೆಂಡತಿ ಗಿರಿಜಾಳನ್ನು ನೋಡಿದರು, ಮುಂದೆ ಏನೂ ಕೇಳದೆ ನಮ್ಮ ತುಳಸಿಗೆ ನೀರು ಹಾಕಲು ಒಪ್ಪಿಕೊಂಡರು.

ಅಂಚೆಚೀಟಿ ಕೂಡಿಡುವವರು ಊರ ತುಂಬ ಇದ್ದಾರೆ. ನನ್ನದು ಅದರೊಳಗೇ ಒಂದು ಸಣ್ಣ ಹುಚ್ಚು. ನಮ್ಮ ದೇಶದ್ದೇ ಶ್ರೀಗಂಧದ ಚೀಟಿ ಉಂಟು, ಗುಲಾಬಿಯದು, ಕಾಫಿಯದು ಉಂಟು. ಸ್ವಿಸ್ ಜನ ಚಾಕಲೇಟಿನ ತುಂಡಿನಂತೆಯೇ ಕಾಣುವ, ಚಾಕಲೇಟಿನದೇ ವಾಸನೆಯ ಚೀಟಿ ಮಾಡಿದರು. ಭೂತಾನದವರು ಇವರಿಗೆಲ್ಲ ಮೊದಲೇ ಗುಲಾಬಿಯ ಚೀಟಿ ಹೊರಡಿಸಿದವರು. ಈ ಚೀಟಿಗಳ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಿರುತ್ತವೆ. ಬೆರಳಿನಿಂದ ಉಜ್ಜಿದರೆ ಅವು ಒಡೆದು ಒಳಗಿನ ಪರಿಮಳ ಹೊರಗೆ ಬರುತ್ತದೆ. ಒಡೆದದ್ದು ಒಡೆದೇ ಹೋಯಿತು, ಮತ್ತೆ ತುಂಬುವುದಿಲ್ಲ. ಹಾಗಾಗಿ ಇಂಥ ಚೀಟಿ ಇಟ್ಟುಕೊಂಡವನ ಪಾಡು ವಿಚಿತ್ರ. ಮೂಸಿದರೆ ಖರ್ಚು, ಮೂಸದಿದ್ದರೆ ಇದ್ದೂ ಏನು ಪ್ರಯೋಜನ? ಬ್ಯಾಂಕಿನಲ್ಲಿ ಕಾರಕೂನನಾಗಿ ತಲೆ ನರೆಸಿಕೊಂಡವನಾದ ನಾನು ಮೂಸದೆ ಇಡುವ ಪಂಥದವನು. ಗಿರಿಜಾ ಮೂಸುವ ಪಂಥದವಳು. ನಾನು ಸ್ನಾನಕ್ಕೆ ಹೋದಾಗ ಅವಳು ಆಲ್ಬಮ್ ತೆಗೆದು ಗಂಧದ ಚೀಟಿಯ ಮೂಲೆಗೆ ಕಿರುಬೆರಳು ಸವರುತ್ತಿದ್ದಳು. ಆ ಮೂಲೆ ಮಾಸಿದ್ದು ನನಗೆ ಗೊತ್ತಿತ್ತು, ಸುಮ್ಮನಿದ್ದೆ.

ಎರಡು ವರ್ಷದ ಕೆಳಗೆ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಗಿರಿಜಾಳ ಮೂಗನ್ನೂ ಒಯ್ದಿತು. ಒಗ್ಗರಣೆ ಸೀದರೂ ಗೊತ್ತಾಗುವುದಿಲ್ಲ, ಹಾಲು ಉಕ್ಕಿ ಹೊತ್ತಿದರೂ ಗೊತ್ತಾಗುವುದಿಲ್ಲ. ಗ್ಯಾಸಿನ ಭಯ ನನಗೆ ಅಂಟಿಕೊಂಡದ್ದು ಆವಾಗಲೇ. ಆದರೆ ಅವಳಿಗೆ ಗ್ಯಾಸಿನ ಭಯವಿರಲಿಲ್ಲ. ಅವಳಿಗೆ ಅವಳದೇ ಭಯ. ತನ್ನ ಮೈಯಿಂದ ನಾತ ಹೊಡೆಯುತ್ತಿರಬಹುದು, ತನಗೆ ತಿಳಿಯುತ್ತಿಲ್ಲ, ಜನ ಮುಖಕ್ಕೆ ಹೇಳುತ್ತಿಲ್ಲ, ಇದು ಅವಳ ತಲೆಯಲ್ಲಿ ಹೊಕ್ಕು ಕುಳಿತಿತು. ಮತ್ತೆ ಮತ್ತೆ ಸ್ನಾನ. ಭಜನಾ ಮಂಡಳಿಗೆ ಹೋಗುವುದನ್ನು ಬಿಟ್ಟಳು. ಮದುವೆಗೆ ಹೋದರೆ ಎಲ್ಲರಿಂದ ದೂರ ಫ್ಯಾನಿನ ಕೆಳಗೆ ನಿಲ್ಲುವಳು. ನಮ್ಮ ಮಗಳು ಅಶ್ವಿನಿ ಊರ ಆಚೆ ತುದಿಯ ಖರಾಡಿಯಲ್ಲಿರುತ್ತಾಳೆ, ಅವಳಿಗೆ ಈ ವರ್ಷ ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆ ಗಿರಿಜಾ ಅಡಿಗೆ ಮಾಡಿದಳು, ಬಟ್ಟೆ ಒಗೆದಳು, ಅಂಟಿನುಂಡೆ ಕಟ್ಟಿದಳು. ಕೂಸನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಕೊಡಲು ಹೋದರೆ ಕೈ ಹಸಿ ಅದ, ಬೆನ್ನು ಹಿಡದದ ಎಂದು ಸರಿದು ಬಿಡುವಳು. ಅಶ್ವಿನಿ ಇದನ್ನು ಮನಸ್ಸಿಗೆ ಹಚ್ಚಿಕೊಂಡಳು. ಹೆಣ್ಣು ಹುಟ್ಟಿತೆಂದು ಅವ್ವನಿಗೆ ಬೇಸರವೇ ಎಂದು ನನ್ನನ್ನು ಕೇಳಿದಾಗ ನನಗೆ ಸಂಕಟವಾಯಿತು. ಅವ್ವನ ಮೂಗು ಹೋದದ್ದು ಅವಳಿಗೆ ಗೊತ್ತಿತ್ತು, ಈ ನಾತದ ಭಯ ಗೊತ್ತಿರಲಿಲ್ಲ. ನಾನು ಹೇಳುವಂತೆಯೂ ಇರಲಿಲ್ಲ, ಗಿರಿಜಾ ಆಣೆ ಹಾಕಿಸಿದ್ದಳು.

ನಾನು ಸಮಾಧಾನ ಮಾಡಲಿಲ್ಲವೆಂದಲ್ಲ. ದಿನಕ್ಕೊಮ್ಮೆಯಾದರೂ ಅವಳು ಕೇಳುವಳು, ವಾಸನಿ ಬರತದೇನ್ರಿ ಎಂದು. ನಾನು ಇಲ್ಲ, ಏನೇನೂ ಇಲ್ಲ ಎನ್ನುವೆ. ಒಂದು ದಿನ ಹೀಗೇ ಕೇಳಿದಳು, ನಾನೂ ಹಾಗೇ ಹೇಳಿದೆ. ಅವಳು ಮುಖ ಸಣ್ಣ ಮಾಡಿಕೊಂಡು ಸೆರಗಿನ ತುದಿ ನನ್ನ ಮುಂದೆ ಹಿಡಿದಳು. ಅದಕ್ಕೆ ಮಲ್ಲಿಗೆ ಅತ್ತರು ಸುರಿದುಕೊಂಡಿದ್ದಳು, ಕೋಣೆಯೆಲ್ಲ ಘಮಘಮಿಸುತ್ತಿತ್ತು. "ಇಷ್ಟು ಹಚ್ಚಿದ್ದೂ ನಿಮಗ ಬರಂಗಿಲ್ಲ ಅಂದ್ರ, ನೀವು ಹೇಳೂದು ಏನ್ ಖರೇ ತಿಳೀಲಿ?" ಎಂದಳು. ಅಂದಿನಿಂದ ನನ್ನ ಮಾತಿಗೆ ಬೆಲೆ ಹೋಯಿತು.

ಟಿಳಕ ರಸ್ತೆಯ ಡಾಕ್ಟರು, ಗುಲಾಬಿ, ಲವಂಗ, ನಿಂಬೆಯಂಥ ಒಂದೊಂದೇ ವಾಸನೆಯನ್ನು ದಿನಾಲೂ ಮನಸ್ಸಿಟ್ಟು ಮೂಸಲಿ, ಕೆಲವರಿಗೆ ತಿರುಗಿ ಬರುತ್ತದೆ ಎಂದರು. ನಾನು ಆಲ್ಬಮ್ಮನ್ನೇ ಅವಳ ಮುಂದಿಟ್ಟೆ. ಉಜ್ಜು ಎಂದೆ. ಗಂಧ ಹೋಯಿತು, ಸ್ವಿಸ್ ಚಾಕಲೇಟು ಹೋಯಿತು, ಗುಲಾಬಿಗಳು ಹೋದವು, ಕಾಫಿ ಹೋಯಿತು. ಏನೂ ಬರಲಿಲ್ಲ. ಉಳಿದದ್ದು ಮಲ್ಲಿಗೆ. ನಮ್ಮ ಮದುವೆಯಲ್ಲಿ ಅವಳ ತಲೆ ತುಂಬ ಇದ್ದದ್ದು ಅದೇ, ಬಂದರೆ ಅದೇ ಬಂದೀತು ಎಂಬ ಹುಚ್ಚು ಆಸೆ ನನಗೆ. ನನ್ನ ಹತ್ತಿರದ್ದು ಹಳತಾಗಿ ಒಣಗಿತ್ತು. ಹೊಸದರಂತೆ ಜೋಪಾನವಾಗಿರುವ ಮಲ್ಲಿಗೆಯ ಚೀಟಿ ತಮ್ಮಲ್ಲಿದೆ ಎಂದು ಬರೆದವರು ಬ್ಯಾಂಕಾಕಿನ ನೋಯ್. ಹತ್ತಾರು ವರ್ಷಗಳಿಂದ ನಾನು ಚೀಟಿ ಅದಲುಬದಲು ಮಾಡುತ್ತಿದ್ದ ನಿವೃತ್ತ ಶಾಲಾ ಶಿಕ್ಷಕಿ ಅವರು. ಅಂಚೆಯಲ್ಲಿ ಕಳಿಸಿದರೆ ಠಸ್ಸೆಯ ಯಂತ್ರದಲ್ಲಿ ಗುಳ್ಳೆ ಒಡೆಯುತ್ತವೆ, ಬಂದು ಒಯ್ಯಿರಿ ಎಂದಿದ್ದರು. ಹೆಸರು ಕೇಳಿ ಗಿರಿಜಾ, "ಏನ್ ಹೆಸರ್ರಿ, ನೋವು ಬಂದಂಗ" ಎಂದಳು.

ಲೋಹಗಾಂವ್‌ನಿಂದ ಆಕಾಶಕ್ಕೆ

ಹೊರಡುವ ದಿನ ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿಟ್ಟೆ. ರಿಕ್ಷಾ ಹತ್ತಿದ ಮೇಲೆ ಬಿಚ್ಚಿದ್ದು ನಿಜವೋ ಸುಳ್ಳೋ ಎಂದು ಅನುಮಾನ ಬಂತು. ಇಳಿದು ಹೋಗಿ ನೋಡಿ ಬಂದೆ. ರಿಕ್ಷಾದವನು ಮರಾಠಿಯಲ್ಲಿ, ಕಾಕಾ, ವಿಮಾನ ನಿಮ್ಮಪ್ಪನದೇನು ಎಂಬರ್ಥದ್ದನ್ನು ಬಹಳ ಮರ್ಯಾದೆಯಿಂದ ಹೇಳಿದ. ಪುಣೆಯವರು ಬೈದರೂ ವ್ಯಾಕರಣ ತಪ್ಪುವುದಿಲ್ಲ.

ಲೋಹಗಾಂವ್ ವಿಮಾನ ನಿಲ್ದಾಣದಲ್ಲಿ ಟ್ರಂಕಿನಂಥ ದೊಡ್ಡ ಬ್ಯಾಗು ಬೆಲ್ಟಿನ ಮೇಲೆ ಹರಿದು ಕಣ್ಮರೆಯಾಯಿತು. ಆಮೇಲೆ ನಾನು ಗಿರಿಜಾಳನ್ನು ಕೇಳಿದೆ, ಟಿಕೀಟು ಜೋಪಾನ ಇಟ್ಟಿಯಲ್ಲ ಎಂದು. ನಮ್ಮ ಕಡೆ ಅಂಚೆಚೀಟಿಗೂ ಟಿಕೀಟೇ, ವಿಮಾನದ್ದಕ್ಕೂ ಟಿಕೀಟೇ, ಪುಣೆಯ ಮರಾಠಿಯವರಿಗೂ ಅಷ್ಟೇ. ಹಿಂದಿನ ದಿನ ನಾನು ನೋಯ್ ಅವರಿಗೆ ಕೊಡಲೆಂದು ಹೊಸದಾಗಿ ಕೊಂಡ ಶ್ರೀಗಂಧ, ಕಾಫಿ ಚೀಟಿಗಳ ಪೊಟ್ಟಣವನ್ನು ಟೇಬಲ್ಲಿನ ಮೇಲಿಟ್ಟು, ಟಿಕೀಟು ಕೈಚೀಲದಾಗ ಇರಲಿ, ಬಿಟ್ಟಗಿಟ್ಟೀಯ ಎಂದಿದ್ದೆ. ಅವಳು ವಿಮಾನದ ಕಾಗದಗಳನ್ನು ಕೈಚೀಲದಲ್ಲಿ ಹಾಕಿಕೊಂಡಿದ್ದಳು.

"ಮತ್ತ ಆ ಪೊಟ್ಟಣ?"

"ಅದು ನಿಮ್ಮ ಜೀವ ಅಲ್ಲೇನ್ರಿ. ದೊಡ್ಡ ಬ್ಯಾಗಿನಾಗ, ರೇಶ್ಮಿ ಸೀರಿ ನಡುವ ಇಟ್ಟೀನಿ. ಅಷ್ಟು ಜೋಪಾನ ಎಲ್ಲೂ ಆಗೂದಿಲ್ಲ."

ಸೀರೆಯ ನಡುವೆ ಒತ್ತಿ ಉಜ್ಜಿ ಗುಳ್ಳೆಗಳೆಲ್ಲ ಒಡೆಯುತ್ತವಲ್ಲ ಎಂದು ನನಗೆ ಹೊಸ ಚಿಂತೆ ಹತ್ತಿತು. ವಿಮಾನದಲ್ಲಿ ಅವಳು ಕಿಟಕಿಗೆ ಅಂಟಿಕೊಂಡು ಮುದುಡಿ ಕುಳಿತಳು. ಅವಳ ಆಚೆ ಕಿಟಕಿ, ಈಚೆ ನಾನು, ಬೇರೆಯವರಿಗೆ ತೊಂದರೆಯಾಗಬಾರದೆಂದು ಆ ಜಾಗ ಕೇಳಿ ಪಡೆದಿದ್ದಳು. ನಮ್ಮ ಸಾಲಿನ ಮೂರನೆಯವನು ನಿದ್ದೆ ಹೋಗಿ ಬಾಯಿ ತೆರೆದುಕೊಂಡಿದ್ದ. ಅವನಿಗೆ ಯಾವ ತೊಂದರೆಯೂ ಆಗಿದ್ದಂತೆ ಕಾಣಲಿಲ್ಲ.

ಹೋಟೆಲಿನ ಕೋಣೆ

ಬ್ಯಾಂಕಾಕಿಗೆ ಇಳಿದವನಿಗೆ ಮೊದಲು ಸಿಗುವುದು ವಾಸನೆ. ಮಜ್ಜಿಗೆ ಹುಲ್ಲು, ಸುಟ್ಟ ಮೀನು, ಊದಿನಕಡ್ಡಿ, ಬಿಸಿಲಿಗೆ ಬೆವೆತ ಹೂವಿನ ಹಾರ, ಗಟಾರ, ಎಲ್ಲ ಕೂಡಿ ಒಂದೇ ಸಲ ಮುಖಕ್ಕೆ ಬರುತ್ತವೆ. ಪಕ್ಕದಲ್ಲಿ ಗಿರಿಜಾ ಕಣ್ಣಿನಿಂದಷ್ಟೇ ಊರನ್ನು ನೋಡುತ್ತಿದ್ದಳು. ಇಷ್ಟೆಲ್ಲ ನನಗೊಬ್ಬನಿಗೇ ಸಿಗುತ್ತಿದೆಯಲ್ಲ ಎಂದು ನನಗೆ ನಾಚಿಕೆಯಾಯಿತು.

ಕೋಣೆಗೆ ಹೋದವನೇ ಬ್ಯಾಗು ಬಿಚ್ಚಿದೆ. ಬಿಚ್ಚಿದ್ದೇ ತಡ, ಡಾಂಬರ ಗುಳಿಗೆಯ ಗಾಟು ಮೂಗಿಗೆ ಹೊಡೆಯಿತು. ಟ್ರಂಕಿನಲ್ಲಿ, ಕಪಾಟಿನಲ್ಲಿ ಬಟ್ಟೆಗೆ ನುಸಿ ಹಿಡಿಯದಿರಲೆಂದು ಹಾಕುವ ಬಿಳಿ ಗುಳಿಗೆಗಳು. ಮನೆಯಲ್ಲಿ ಸೀರೆಯ ಮಡಿಕೆಗೆ ಒಂದು ಹಾಕುವ ಜಾಗದಲ್ಲಿ ಗಿರಿಜಾ ಈ ಬಾರಿ ಒಂದು ಮುಷ್ಟಿ ಸುರಿದಿದ್ದಳು. ವಾಸನೆ ತಿಳಿಯದವಳಿಗೆ ಒಂದಕ್ಕೂ ಒಂದು ಮುಷ್ಟಿಗೂ ವ್ಯತ್ಯಾಸವಿಲ್ಲ. ತನ್ನ ಮೈಯ ನಾತವನ್ನು ಅದಾದರೂ ಮುಚ್ಚಲಿ ಎಂಬ ಎಣಿಕೆಯೂ ಇತ್ತೇನೋ. ಸೀರೆ, ರವಿಕೆ, ಟವೆಲ್ಲು, ನನ್ನ ಬನಿಯನ್ನು, ಕೊನೆಗೆ ಚೀಟಿಯ ಪೊಟ್ಟಣ ಎಲ್ಲವೂ ಒಂದೇ ವಾಸನೆ. ಶ್ರೀಗಂಧದ ಚೀಟಿ ಮೂಸಿದೆ, ಡಾಂಬರ ಗುಳಿಗೆ. ಕಾಫಿಯದು ಮೂಸಿದೆ, ಅದೂ ಡಾಂಬರ ಗುಳಿಗೆ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅದಕ್ಕಿಂತ ಮೊದಲು ಹೆದರಿಕೆ ಬಂತು. ಈಗ ನಿಜ ಹೇಳಿದರೆ ಏನಾಗುತ್ತದೆ? ಇಷ್ಟು ದಿನ ನಾತ ಹೊಡೆಯುತ್ತದೆಂದು ಅವಳು ಅಂಜುತ್ತಿದ್ದದ್ದು ಪರದೇಶದಲ್ಲಿ ನಿಜವೇ ಆದಂತಾಗುತ್ತದೆ. ಇನ್ನವಳು ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ, ಖರಾಡಿಯ ಕೂಸಿನ ಹತ್ತಿರವಂತೂ ಹೋಗುವುದೇ ಇಲ್ಲ. ಅವಳು ಸ್ನಾನಕ್ಕೆ ಹೋದ ಗಳಿಗೆಯಲ್ಲಿ ನಾನು ಗುಳಿಗೆಗಳನ್ನು ಹೆಕ್ಕಿ ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿದೆ. ಸೀರೆಗಳನ್ನು ಕುರ್ಚಿಯ ಮೇಲೆ, ಪರದೆಯ ಕಂಬಿಯ ಮೇಲೆ, ದೀಪದ ಮೇಲೆ ಹರವಿ ಎ.ಸಿ. ಜೋರು ಮಾಡಿದೆ. ಚೀಟಿಗಳನ್ನು ಹಾಸಿಗೆಯ ಮೇಲೆ ಹಪ್ಪಳ ಒಣಗಹಾಕಿದಂತೆ ಸಾಲಾಗಿ ಜೋಡಿಸಿದೆ. ಅವಳು ಹೊರಗೆ ಬಂದು ನಿಂತಳು.

"ಏನ್ರಿ ಇದು? ಸೀರಿ ಅಂಗಡಿ ಹಾಕೀರೇನು?"

ಬ್ಯಾಗಿನಲ್ಲಿ ತಂಪು ಹಿಡಿದಿತ್ತು, ಗಾಳಿಗೆ ಹಾಕಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಸುಮ್ಮನೆ ಒಂದು ಸೀರೆ ಎಳೆದುಕೊಂಡು ಉಟ್ಟಳು.

ಆಕಾಶರೈಲು

ಬ್ಯಾಂಕಾಕಿನಲ್ಲಿ ರಸ್ತೆಯ ಮೇಲೆ ಕಂಬ ನಿಲ್ಲಿಸಿ ಅದರ ಮೇಲೆ ರೈಲು ಓಡಿಸುತ್ತಾರೆ. ಈಗ ನಮ್ಮ ಪುಣೆಯಲ್ಲೂ ಮೆಟ್ರೋ ಬಂದಿರುವುದರಿಂದ ನಾವೇನೂ ಬಾಯಿ ಬಿಟ್ಟು ನೋಡಲಿಲ್ಲ. ಆದರೆ ಅಲ್ಲಿನ ಜನ ರೈಲಿನಲ್ಲಿ ಮಾತಾಡುವುದೇ ಇಲ್ಲ. ನಮ್ಮಲ್ಲಾದರೆ ಶಿವಾಜಿನಗರ ದಾಟುವಷ್ಟರಲ್ಲಿ ಪಕ್ಕದವನ ಮಗಳ ಮದುವೆ ಎಲ್ಲಿಗೆ ಬಂತೆಂದು ತಿಳಿದಿರುತ್ತದೆ. ಇಲ್ಲಿ ಎಲ್ಲರೂ ಮೈ ಕೈ ಮುದುಡಿಕೊಂಡು ತಣ್ಣಗೆ ನಿಂತಿದ್ದರು. ಗಿರಿಜಾ ಕುಳಿತಳು. ನಾನು ಮುಂದೆ ಕಂಬಿ ಹಿಡಿದು ನಿಂತೆ.

ಪಕ್ಕದಲ್ಲಿ ಕುಳಿತ ಹುಡುಗಿ ಚೀಲದಿಂದ ತುಟಿಬಣ್ಣದ ಕಡ್ಡಿಯಂಥ ಒಂದು ಸಣ್ಣ ನಳಿಗೆ ತೆಗೆದು ಮೂಗಿನ ಹೊಳ್ಳೆಗೆ ಇಟ್ಟು ದೀರ್ಘವಾಗಿ ಎಳೆದಳು. ಗಿರಿಜಾ ಮೈ ಹಿಡಿಮಾಡಿಕೊಂಡು ಇತ್ತ ಸರಿದಳು. ಇತ್ತ ಕಡೆಯ ಹೆಂಗಸೂ ಅಂಥದೇ ನಳಿಗೆ ತೆಗೆದಳು. ಎದುರಿಗೆ ಕೋಟು ಹಾಕಿದ ಗಂಡಸೊಬ್ಬ ಅದನ್ನು ಮೂಗಿಗೆ ಸಿಕ್ಕಿಸಿಕೊಂಡೇ ಮೊಬೈಲು ನೋಡುತ್ತಿದ್ದ. ಮುಂದಿನ ನಿಲ್ದಾಣದಲ್ಲಿ ಹತ್ತಿದ ಮುದುಕಿ ನಮ್ಮ ಹತ್ತಿರ ಬಂದು ನಿಂತವಳೇ ತಾನೂ ಒಂದು ಹೊರತೆಗೆದಳು. ಊರಿಗೆ ಊರೇ ಮೂಗಿಗೆ ಏನನ್ನೋ ಒತ್ತಿಕೊಳ್ಳುತ್ತಿತ್ತು. ಡಾಂಬರ ಗುಳಿಗೆಯ ವಿಷಯ ಗೊತ್ತಿದ್ದ ನನಗೆ ಬೇರೆ ಕಾರಣ ಹೊಳೆಯಲಿಲ್ಲ. ಇವರೆಲ್ಲ ನಮ್ಮಿಂದಲೇ ಹೀಗೆ ಮಾಡುತ್ತಿದ್ದಾರೆಂದು ನಾನೂ ನಂಬಿದೆ.

ಗಿರಿಜಾ ಎದ್ದು ಬಾಗಿಲ ಹತ್ತಿರ ಹೋಗಿ, ಎಲ್ಲರಿಗೂ ಬೆನ್ನು ಹಾಕಿ ನಿಂತಳು. ನಾನೂ ಹೋದೆ. ಅವಳ ಕಣ್ಣು ತುಂಬಿತ್ತು.

"ನೋಡಿದ್ರ್ಯಾ? ಮಂದಿ ಮೂಗಿಗೆ ಔಷಧ ಹಾಕ್ಕೊಳ್ಳೂ ಹಂಗ ಆಗೇದ. ಇನ್ನೂ ಏನೂ ಇಲ್ಲ ಅಂತೀರೇನು?"

ಏನೂ ಇಲ್ಲ ಎನ್ನಲು ನಾಲಗೆ ಏಳಲಿಲ್ಲ. ಇದೆ ಎನ್ನಲೂ ಏಳಲಿಲ್ಲ. ಇಳಿಯಬೇಕಾದ ನಿಲ್ದಾಣಕ್ಕಿಂತ ಮೊದಲೇ ಇಳಿದುಬಿಟ್ಟೆವು.

ಉಳ್ಳಾಗಡ್ಡಿಯ ಬಾಜಾರು

ಇಳಿದದ್ದು ಯಾವ ಬೀದಿ ಎಂದು ತಿಳಿಯಲಿಲ್ಲ. ನೋಯ್ ಅವರ ಮನೆಗೆ ಹೋಗಲು ಇನ್ನೂ ಹೊತ್ತಿತ್ತು. ಅವಳ ಮನಸ್ಸು ಬೇರೆ ಕಡೆ ಹರಿಯಲೆಂದು, ಇಲ್ಲೇ ಎಲ್ಲಾದರೂ ಚೀಟಿಯ ಅಂಗಡಿ ಇದೆಯೇ ನೋಡೋಣ ಎಂದೆ. ನಾನು ಊರಲ್ಲೇ ಕೆಲವು ಥಾಯಿ ಶಬ್ದ ಬಾಯಿಪಾಠ ಮಾಡಿಕೊಂಡಿದ್ದೆ. ಅಂಚೆಚೀಟಿಗೆ ಸತೆಮ್, ಪರಿಮಳಕ್ಕೆ ಹೊಮ್. ಹಣ್ಣು ಹೆಚ್ಚಿ ಮಾರುವವಳೊಬ್ಬಳಿಗೆ ಸತೆಮ್ ಹೊಮ್ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಮೊದಲನೆಯದನ್ನು ಬಿಟ್ಟು ಹೊಮ್, ಹೊಮ್ ಎಂದು ಒತ್ತಿ ಹೇಳಿದೆ. ಅವಳ ಮುಖ ಬೆಳಗಿತು. ಹಣ್ಣಿನ ಗಾಡಿಯನ್ನು ಅಲ್ಲೇ ಬಿಟ್ಟು ನಮ್ಮನ್ನು ಎರಡು ಓಣಿ ದಾಟಿಸಿ ಕರೆದುಕೊಂಡು ಹೋದಳು. ನಮ್ಮೂರಿನಲ್ಲಿ ವಿಳಾಸ ಕೇಳಿದರೆ, ಅಷ್ಟೂ ತಿಳಿಯುವುದಿಲ್ಲವೇ ಎಂಬ ಮುಖ ಮಾಡಿ ಕೈ ತೋರಿಸುತ್ತಾರೆ. ಇವಳು ನಡೆದೇ ಬಂದು, ಒಂದು ಅಂಗಡಿಯ ಮುಂದೆ ನಿಲ್ಲಿಸಿ, ಹೊಮ್ ಎಂದು ಬೆರಳು ತೋರಿಸಿದಳು. ಎದುರಿಗೆ ಸಣ್ಣ ಉಳ್ಳಾಗಡ್ಡಿಯ ರಾಶಿ.

ಥಾಯಿಯಲ್ಲಿ ಉಳ್ಳಾಗಡ್ಡಿಗೂ ಹೊಮ್ ಎನ್ನುತ್ತಾರಂತೆ. ಅವಳು ಅಷ್ಟು ದೂರ ಬಂದದ್ದಕ್ಕೆ ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಒಂದು ಕಟ್ಟು ಕೊಂಡೆ. ಗಿರಿಜಾ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಬೇಕೆಂದು ನಕ್ಕದ್ದಲ್ಲ, ತಡೆಯಲಾರದೆ ನಕ್ಕದ್ದು. ವಿಮಾನ ಹತ್ತಿ ಉಳ್ಳಾಗಡ್ಡಿ ತರಾಕ ಬಂದೀವೇನ್ರಿ ಎಂದು ದಾರಿಯುದ್ದಕ್ಕೂ ನನ್ನನ್ನು ಕಾಡಿಸಿದಳು. ರೈಲಿನ ವಿಷಯ ಮರೆತಳೆಂದು ನನಗೆ ಸ್ವಲ್ಪ ಉಸಿರು ಬಂತು. ಆದರೆ ನೋಯ್ ಅವರ ಓಣಿಯ ಬಾಯಿಗೆ ಬಂದೊಡನೆ ಅವಳು ನಿಂತುಬಿಟ್ಟಳು. ನೀವು ಒಳಗೆ ಹೋಗಿ ಬನ್ನಿ, ನಾನು ಇಲ್ಲೇ ನಿಂತಿರುತ್ತೇನೆ ಎಂದಳು. ಪರರ ಮನೆಯಲ್ಲಿ ಕೋಣೆ ತುಂಬ ನಾತ ಮಾಡುವುದು ಬೇಡವಂತೆ. ನಾನು ಬೇಡಿಕೊಳ್ಳುತ್ತಿದ್ದಾಗಲೇ ನೋಯ್ ಛತ್ರಿ ಹಿಡಿದುಕೊಂಡು ನಮ್ಮನ್ನು ಹುಡುಕಿ ಬಂದರು.

ನೋಯ್ ಅವರ ಮನೆ

ನಾನು ಅವರನ್ನು ಅಕ್ಷರದಲ್ಲಷ್ಟೇ ಕಂಡವನು. ಗುಂಡುಗುಂಡಾದ ಕೈಬರಹದಿಂದ ಎತ್ತರದ ಹೆಂಗಸನ್ನು ಊಹಿಸಿಕೊಂಡಿದ್ದೆ. ಅವರು ಗಿರಿಜಾಳ ಭುಜಕ್ಕೆ ಬರುತ್ತಿದ್ದರು. ನೋಯ್ ಎಂದರೆ ಪುಟ್ಟದು ಎಂದು ಅವರೇ ಹೇಳಿದರು. ನಮ್ಮಂತೆಯೇ ಅಲ್ಲೂ ಹಿರಿಯರನ್ನು ಬರೇ ಹೆಸರಿನಿಂದ ಕರೆಯುವುದಿಲ್ಲ, ಪೀ ನೋಯ್ ಎನ್ನಬೇಕು, ಎಂದರೆ ನೋಯಕ್ಕ. ಗಿರಿಜಾಳಿಗೆ ಇದು ಹಿಡಿಸಿತು. ಚಪ್ಪಲಿ ಹೊರಗೆ ಬಿಡುವುದು, ದೇವರ ಮುಂದೆ ಹೂವು, ಬಂದವರಿಗೆ ಮೊದಲು ನೀರು, ಎಲ್ಲ ನಮ್ಮದೇ. ಗಿರಿಜಾ ಮಾತ್ರ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತಳು. ನಮ್ಮ ಮೂವರ ಇಂಗ್ಲಿಷೂ ಒಂದೇ ತರಗತಿಯದು, ಹಾಗಾಗಿ ಯಾರಿಗೂ ಸಂಕೋಚವಾಗಲಿಲ್ಲ.

ನೋಯ್ ಬಿಸ್ಕೀಟಿನ ಡಬ್ಬಿಯಿಂದ ಬೆಣ್ಣೆಕಾಗದದ ಲಕೋಟೆ ತೆಗೆದರು. ಒಳಗೆ ಮಲ್ಲಿಗೆಯ ಚೀಟಿಗಳು, ಮುಟ್ಟದವು. ಗಿರಿಜಾಳ ಮೂಗಿನ ಕಥೆ ನಾನು ಮೊದಲೇ ಬರೆದಿದ್ದೆ. ಅವರು ಒಂದನ್ನು ಅವಳ ಅಂಗೈಯಲ್ಲಿಟ್ಟು ಉಜ್ಜುವಂತೆ ಸನ್ನೆ ಮಾಡಿದರು. ಗಿರಿಜಾ ಉಜ್ಜಿದಳು. ಮಲ್ಲಿಗೆ ಎದ್ದಿತು. ನಾನು ಕುಳಿತಲ್ಲಿಗೂ ಬಂತು, ದಂಡೆ ಕಟ್ಟುವವರ ಬುಟ್ಟಿಯಿಂದ ಬರುವ ಹಸಿ ಮಲ್ಲಿಗೆ. ಅವಳು ಕಣ್ಣು ಮುಚ್ಚಿಕೊಂಡು ಎಳೆದಳು, ಮತ್ತೆ ಎಳೆದಳು. ಕಣ್ಣು ತೆರೆದು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಇಷ್ಟು ದೂರ ಬಂದದ್ದು ಅಲ್ಲಿಗೆ ಮುಗಿಯಿತು. ನನಗೆ ಅಳು ಬಂದಂತಾಯಿತು, ನೀರು ಕುಡಿದೆ.

ನಾವು ತಂದದ್ದನ್ನು ಕೊಡಬೇಕಲ್ಲ. ಪೊಟ್ಟಣ ಮುಂದಿಟ್ಟೆ. ನೋಯ್ ಬಿಚ್ಚಿ ಶ್ರೀಗಂಧದ ಚೀಟಿಯನ್ನು ಮೂಗಿಗೆ ತಂದರು. ಹುಬ್ಬು ಮೇಲೇರಿತು. ಇನ್ನೊಂದು ತಂದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಲೂಕ್ ಮೆನ್!" ಎಂದರು. ಮೆನ್ ಎಂದರೆ ನಾತ, ಲೂಕ್ ಮೆನ್ ಎಂದರೆ ನಾತದ ಗುಂಡು, ಬಟ್ಟೆಯ ನಡುವೆ ಹಾಕುವ ಬಿಳಿ ಗುಳಿಗೆ ಎಂದು ವಿವರಿಸಿದರು. ತಮ್ಮ ತಾಯಿಯ ಕಪಾಟು ಹೀಗೇ ಇತ್ತಂತೆ.

ಗಿರಿಜಾ ನನ್ನನ್ನು ಕೇಳಿದಳು, ಏನಂತ ಹೇಳಾಕತ್ತಾರ ಎಂದು. ನಾನು ತಡವರಿಸಿದೆ. ಅವಳಿಗೆ ನನ್ನ ಮುಖವೇ ಸಾಕಾಯಿತು. ಹೋಟೆಲಿನಲ್ಲಿ ಸೀರೆ ಹರವಿದ್ದು, ರೈಲಿನಲ್ಲಿ ನಾನು ಬಾಯಿ ಬಿಡದಿದ್ದದ್ದು, ಎಲ್ಲ ಅವಳಿಗೆ ಒಂದೇ ಗಳಿಗೆಯಲ್ಲಿ ಹೊಳೆಯಿತು. ಅವಳು ನನ್ನನ್ನು ಬಿಟ್ಟು ನೋಯ್ ಅವರ ಕಡೆ ತಿರುಗಿದಳು. ತನ್ನ ಸೆರಗನ್ನು ಕೈಯಲ್ಲಿ ಹಿಡಿದು, ತನಗೆ ಬರುವ ಇಂಗ್ಲಿಷನ್ನೆಲ್ಲ ಕೂಡಿಸಿ, "ಸ್ಯಾರಿ? ಸೇಮ್?" ಎಂದಳು.

ನಾನಾಗಿದ್ದರೆ ಇಲ್ಲ ಎನ್ನುತ್ತಿದ್ದೆ. ನೋಯ್ ಸೆರಗನ್ನು ಎತ್ತಿ ಮೂಸಿ, ಶಾಲೆಯಲ್ಲಿ ಲೆಕ್ಕ ತಿದ್ದುವ ಮುಖ ಮಾಡಿಕೊಂಡು, "ಯೆಸ್. ಸ್ಯಾರಿ, ಮೆನ್. ವೆರಿ ಮೆನ್" ಎಂದರು.

ಗಿರಿಜಾ ಸ್ಟೂಲಿನಿಂದ ಎದ್ದಳು. ನಾನೂ ಎದ್ದುಬಿಟ್ಟೆ, ಇನ್ನವಳು ಓಡಿಹೋಗುತ್ತಾಳೆ ಎಂದು. ಓಡಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು, ಕೇಳಿಯೂ ಕೇಳದಂಥ ದನಿಯಲ್ಲಿ ಕೇಳಿದಳು.

"ಮೀ?"

ನೋಯ್ ಅವಳ ಎರಡೂ ಭುಜ ಹಿಡಿದು ಬಗ್ಗಿಸಿದರು. ತುದಿಗಾಲಲ್ಲಿ ನಿಂತು ಅವಳ ಕೆನ್ನೆಗೆ ಮೂಗು ಒತ್ತಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರು ಎಳೆದುಕೊಂಡರು. ಅವಸರ ಮಾಡಲಿಲ್ಲ. ಆಮೇಲೆ ಹಿಂದೆ ಸರಿದು ಹೇಳಿದರು.

"ಯೂ, ಹೊಮ್."

ಆ ಊರಿನಲ್ಲಿ ಮುದ್ದು ಕೊಡುವುದೆಂದರೆ ತುಟಿಯಿಂದಲ್ಲ, ಮೂಗಿನಿಂದ. ಕೆನ್ನೆಗೆ ಮೂಗಿಟ್ಟು ಮೂಸುವುದೇ ಮುದ್ದು, ಅದಕ್ಕೂ ಹೊಮ್ ಎಂದೇ ಹೆಸರು. ಮಕ್ಕಳಿಗೆ, ಮನೆಯವರಿಗೆ ಮಾತ್ರ ಹಾಗೆ ಮಾಡುತ್ತಾರೆ, ಶಾಲೆಯಲ್ಲಿದ್ದಾಗ ಎಷ್ಟು ಮಕ್ಕಳನ್ನು ಹಾಗೆ ಮೂಸಿದ್ದೇನೋ ಎಂದು ನೋಯ್ ಆಮೇಲೆ ಹೇಳಿದರು. ನಮ್ಮ ವಾಸನೆ ಎಂಬ ಶಬ್ದ ಒಳ್ಳೆಯದಕ್ಕೂ ಸೈ, ಕೆಟ್ಟದ್ದಕ್ಕೂ ಸೈ. ಅದನ್ನು ಹಿಡಿದುಕೊಂಡು ನಾವಿಬ್ಬರೂ ಎರಡು ವರ್ಷ ಜಗ್ಗಾಡಿದ್ದೆವು. ಅವರ ಹತ್ತಿರ ಎರಡು ಶಬ್ದಗಳಿದ್ದವು, ಒಂದನ್ನು ಸೀರೆಗೆ ಕೊಟ್ಟರು, ಇನ್ನೊಂದನ್ನು ಅವಳಿಗೆ ಕೊಟ್ಟರು.

ಗಿರಿಜಾ ಸ್ಟೂಲಿನ ಮೇಲೆ ಕುಸಿದು ಕುಳಿತು ಅತ್ತಳು. ನೋಯ್ ಗಾಬರಿಯಾಗಿ ನನ್ನನ್ನು ನೋಡಿದರು, ತಾವೇನಾದರೂ ತಪ್ಪು ಮಾಡಿದೆವೇ ಎಂದು. ನಾನು ಕೈ ಮುಗಿದೆ, ನನಗೆ ಬೇರೆ ಏನೂ ತೋಚಲಿಲ್ಲ. ಅತ್ತು ಮುಗಿದ ಮೇಲೆ ಗಿರಿಜಾ ನನ್ನ ಕಡೆ ತಿರುಗಿ ಅಂದಳು: "ಇವರು ಸೀರಿ ನಾರತದ ಅಂತ ಮುಖದ ಮ್ಯಾಲ ಅಂದ್ರು. ಹಂಗಾದ್ರ ನನ್ನ ಬಗ್ಗೆ ಅಂದಿದ್ದೂ ಖರೇನ ಇರಬೇಕು." ಅವಳ ಸಮಾಧಾನಕ್ಕೆಂದು ಸುಳ್ಳು ಹೇಳುತ್ತ ಬಂದ ನನಗೆ ಇದು ಚುಚ್ಚಿತು, ಆದರೂ ಅವಳ ಮಾತು ಸರಿಯಾಗಿತ್ತು.

ರೈಲಿನಲ್ಲಿ ಕಂಡ ನಳಿಗೆಯ ಗುಟ್ಟೂ ಅಲ್ಲೇ ಒಡೆಯಿತು. ನೋಯ್ ಜಂಪರಿನ ಕಿಸೆಯಿಂದ ಅಂಥದೇ ಒಂದನ್ನು ತೆಗೆದು ಮೂಗಿಗಿಟ್ಟುಕೊಂಡಾಗ ನಾವಿಬ್ಬರೂ ಒಮ್ಮೆಲೇ ಬೆಚ್ಚಿದೆವು. ಅದು ಯಾ ದೊಮ್, ಮೂಸುವ ಔಷಧ, ಕರ್ಪೂರ, ಪುದೀನದ ಹೂವು ಹಾಕಿದ್ದು. ಸೆಕೆಗೆ, ತಲೆಸುತ್ತಿಗೆ, ಬೇಸರಕ್ಕೆ, ಏನೂ ಇಲ್ಲದಿದ್ದರೆ ಸುಮ್ಮನೆ, ಆ ದೇಶದಲ್ಲಿ ಎಲ್ಲರೂ ಅದನ್ನು ಎಳೆಯುತ್ತಾರೆ. ನಮ್ಮ ಕಡೆ ಕಿಸೆಯಲ್ಲಿ ಅಡಿಕೆ ಚೀಲ ಇದ್ದಂತೆ. ಗಿರಿಜಾಳೂ ಒಮ್ಮೆ ಎಳೆದು ನೋಡಿದಳು. ಕಣ್ಣಲ್ಲಿ ನೀರು ಬಂತು. "ವಾಸನಿ ಇಲ್ಲ. ಥಂಡಿ ಮಾತ್ರ ಹತ್ತತದ" ಎಂದು ಇನ್ನೊಮ್ಮೆ ಎಳೆದಳು.

ಮಲ್ಲಿಗೆಯ ಚೀಟಿಗಳಲ್ಲಿ ಉಳಿದದ್ದನ್ನು ನಾನು ತೆಗೆದುಕೊಂಡೆ. ನಮ್ಮ ಚೀಟಿಗಳನ್ನು ಹಿಂದಕ್ಕೆ ಕೊಡಿ, ಬೇರೆ ಕಳಿಸುತ್ತೇನೆ ಎಂದರೆ ನೋಯ್ ಒಪ್ಪಲಿಲ್ಲ. ಶ್ರೀಗಂಧದ ಚೀಟಿ ಜಗತ್ತಿನಲ್ಲಿ ಬೇಕಾದಷ್ಟಿವೆ, ಲೂಕ್ ಮೆನ್ ವಾಸನೆಯದು ತಮ್ಮ ಹತ್ತಿರ ಮಾತ್ರ ಇರುತ್ತದೆ ಎಂದರು. ಉಳ್ಳಾಗಡ್ಡಿಯ ಕಟ್ಟನ್ನೂ ಇಟ್ಟುಕೊಂಡರು.

ಮತ್ತೆ ಲೋಹಗಾಂವ್

ಉಳಿದ ದಿನ ಏನೇನು ನೋಡಿದೆವೋ ಬರೆಯುವುದಿಲ್ಲ, ದೇವಸ್ಥಾನ, ದೋಣಿ, ಎಲ್ಲರೂ ನೋಡುವುದನ್ನೇ ನೋಡಿದೆವು. ತಿರುಗಿ ಬರುವಾಗ ವಿಮಾನದಲ್ಲಿ ಗಿರಿಜಾ ನಡುವಿನ ಜಾಗದಲ್ಲಿ ಕುಳಿತಳು. ಪಕ್ಕದ ಹೆಂಗಸಿನ ಜೊತೆ ನಾಗಪುರದ ಕಿತ್ತಳೆಯ ಬಗ್ಗೆ ಮಾತಾಡಿಕೊಂಡು ಬಂದಳು. ನಾನು ಮಾತ್ರ ದಾರಿಯುದ್ದಕ್ಕೂ ಹೆದರಿಕೊಂಡೇ ಬಂದೆ. ಪರದೇಶದಲ್ಲಿ ಹುಟ್ಟಿದ ಧೈರ್ಯ ಮನೆಯ ಹೊಸ್ತಿಲಲ್ಲಿ ಉಳಿಯುತ್ತದೆಯೇ? ಒಬ್ಬ ಮುದುಕಿ ಒಮ್ಮೆ ಮೂಸಿ ಹೇಳಿದ ಮಾತು ಎಷ್ಟು ದಿನ ಬಾಳುತ್ತದೆ? ಮೂಗಂತೂ ಬಂದಿರಲಿಲ್ಲ. ಬರುತ್ತದೆಂಬ ಆಸೆಯನ್ನು ನಾನು ಅಲ್ಲೇ ಬಿಟ್ಟು ಬಂದಿದ್ದೆ.

ಅಶ್ವಿನಿ ನಮ್ಮನ್ನು ಕರೆದೊಯ್ಯಲು ಕಾರು ತಂದಿದ್ದಳು. ಹೆಗಲ ಮೇಲೆ ಕೂಸು. ನಾವು ಹೊರಗೆ ಬಂದಾಗ ಅವಳು ಅಭ್ಯಾಸದಂತೆ ಕೂಸನ್ನು ನನ್ನ ಕಡೆಗೆ ಚಾಚಿದಳು, ಅವ್ವನ ಕಡೆ ಚಾಚುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಗಿರಿಜಾ ನಡುವೆ ಬಂದು ಕೂಸನ್ನು ಎತ್ತಿಕೊಂಡಳು. ಜನ, ಟ್ರಾಲಿ, ಟ್ಯಾಕ್ಸಿಯವರ ಗದ್ದಲದ ನಡುವೆ ನಿಂತು ಅದರ ಕೆನ್ನೆಗೆ ಮೂಗು ಒತ್ತಿ ನಿಧಾನವಾಗಿ ಉಸಿರೆಳೆದುಕೊಂಡಳು. ಅಶ್ವಿನಿ ನನ್ನ ತೋಳು ಹಿಡಿದುಕೊಂಡಳು.

"ಅವ್ವಾ, ವಾಸನಿ ಬಂತೇನ?" ಎಂದು ಕೇಳಿದಳು.

"ಇಲ್ಲವಾ. ನಂಗ ಇನ್ನ ಬರೂದಿಲ್ಲ ಅನಸ್ತದ," ಎಂದಳು ಗಿರಿಜಾ. ಮುಖ ಎತ್ತಲಿಲ್ಲ. "ಆದ್ರ ಇದಕ್ಕ ನಂದು ಬರತದಲ್ಲ. ಅಜ್ಜಿ ಅಂದ್ರ ಯಾರು ಅಂತ ಇದಕ್ಕಾದರೂ ಗೊತ್ತಾಗಲಿ."

ಕೂಸು ಅವಳ ಕೊರಳಿಗೆ ಮುಖ ಹುದುಗಿಸಿತು. ಕಾರಿನ ಹತ್ತಿರ ಬಂದಾಗ ಅಶ್ವಿನಿ, ಅವ್ವನಿಗೆ ದಣಿವಾಗಿರಬೇಕೆಂದು ಕೈ ಚಾಚಿ ಕೂಸನ್ನು ಕೇಳಿದಳು. ಗಿರಿಜಾ ಕೊಡಲಿಲ್ಲ.